ಟೇಪು ಹಿಡಿದು ಮನೆ ಅಳೆದ ಮೇಲೆ ಕೊಂಡ ಕಸ ಗುಡಿಸೋ ಆಮೆ

ಅಮ್ಮನ ಮೊಣಕಾಲಿನ ಆಪರೇಷನ್ ಆದ ಮೇಲೆ ಬಗ್ಗಿ ಗುಡಿಸಬೇಡಿ ಎಂದು ಡಾಕ್ಟರು ಹೇಳಿದರು. ಅದೇ ತಿಂಗಳು, ಮನೆಗೆಲಸಕ್ಕೆ ಬರುವ ಅಕ್ಕ ಮಗಳ ಬಾಣಂತನ ಮಾಡಲು ಊರಿಗೆ ಹೋದರು. ಪೊರಕೆ ನನ್ನ ಕೈಗೆ ಬಂತು. ನಾಲ್ಕೇ ದಿನಕ್ಕೆ ಸೊಂಟ ಹಿಡಿಯಿತು. ಐದನೇ ದಿನ ರಾತ್ರಿ ಆನ್‌ಲೈನ್ ಸೇಲ್‌ನಲ್ಲಿ ಕಂಡ ಒಂದು ರೋಬೋಟ್ ವ್ಯಾಕ್ಯೂಮ್ ಕ್ಲೀನರನ್ನು ಹಿಂದುಮುಂದು ನೋಡದೆ ಆರ್ಡರ್ ಮಾಡಿದೆ. ಒಂಬತ್ತು ಸಾವಿರ ಚಿಲ್ಲರೆ.

ಹತ್ತು ದಿನದೊಳಗೆ ಅದನ್ನು ವಾಪಸ್ ಕಳಿಸಿದ್ದೂ ಆಯ್ತು. ಆಗ ಯಂತ್ರಕ್ಕೆ ಚೆನ್ನಾಗಿ ಬೈದುಕೊಂಡಿದ್ದೆ. ಆದರೆ ಅರ್ಧ ತಪ್ಪು ನನ್ನದೇ. ಅದು ಎಂಥ ಮನೆಗೆ ಬರುತ್ತಿದೆ ಅಂತ ನಾನು ಯೋಚಿಸಿರಲೇ ಇಲ್ಲ.

ನಮ್ಮದು ಮೈಸೂರಿನಲ್ಲಿ ಹಳೇ ಮನೆ. ಮುಂದಿನ ಅರ್ಧ ಅಪ್ಪ 1984ರಲ್ಲಿ ಕಟ್ಟಿಸಿದ್ದು. ಹಾಲು, ಅಮ್ಮನ ರೂಮು, ದೇವರ ಮನೆ, ಎಲ್ಲಾ ರೆಡ್ ಆಕ್ಸೈಡ್ ನೆಲ. ಗೋಡೆಯ ಉದ್ದಕ್ಕೂ ನಾಲ್ಕು ಇಂಚಿನ ಕಪ್ಪು ಬಾರ್ಡರ್. ಹಾಲಿನಿಂದ ಅಮ್ಮನ ರೂಮಿಗೆ ಹೋಗುವ ಬಾಗಿಲಲ್ಲಿ ಅದೇ ಕಪ್ಪು ಪಟ್ಟಿ ಅಡ್ಡ ಬಂದಿದೆ. ಹಿಂದಿನ ಅರ್ಧ ಆಮೇಲೆ ಸೇರಿಸಿದ್ದು, ಟೈಲ್ಸ್ ಹಾಕಿದ್ದು. ಎರಡೂ ಸೇರುವ ಕಡೆ ನೆಲ ಒಂದು ಸಮ ಇಲ್ಲ.

ಆ ಮೊದಲ ಯಂತ್ರಕ್ಕೆ ನಕ್ಷೆ ಗಿಕ್ಷೆ ಏನೂ ಇರಲಿಲ್ಲ. ಗೋಡೆಗೆ ಡಿಕ್ಕಿ ಹೊಡೆಯುವುದು, ತಿರುಗುವುದು, ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದು. 2002ರಲ್ಲಿ ಬಂದ, ರೂಂಬಾ ಅನ್ನುವ ಹೆಸರಾಂತ ಬ್ರ್ಯಾಂಡಿನ ಮೊದಲ ಯಂತ್ರ ಕೂಡ ಹೆಚ್ಚುಕಡಿಮೆ ಹೀಗೇ ಅಂದಾಜಿನ ಮೇಲೆ ಓಡಾಡುತ್ತಿತ್ತು, ಅದಕ್ಕೆ ಬೈಯುವ ಹಾಗಿಲ್ಲ. ಆದರೆ ಸೋಫಾ ಮುಂದೆ ಮೂರು ಸಲ ಗುಡಿಸಿ, ಊಟದ ಟೇಬಲ್ ಕೆಳಗಿನ ಅನ್ನದ ಅಗುಳು ಹಾಗೇ ಬಿಟ್ಟರೆ ಏನು ಪ್ರಯೋಜನ?

ಅದಕ್ಕಿಂತ ವಿಚಿತ್ರ ಇನ್ನೊಂದು. ಕಪ್ಪು ಬಾರ್ಡರ್ ಹತ್ತಿರ ಬಂದ ಕೂಡಲೇ ಗಕ್ಕನೆ ನಿಲ್ಲುತ್ತಿತ್ತು. ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ ಹಿಂದೆ ಸರಿಯುತ್ತಿತ್ತು. ಗೋಡೆ ಅಂಚಿನ ನಾಲ್ಕು ಇಂಚು ಧೂಳು ಹಾಗೇ ಉಳಿಯಿತು. ಅಮ್ಮನ ರೂಮಿನೊಳಕ್ಕೆ ಒಂದು ದಿನವೂ ಕಾಲಿಡಲಿಲ್ಲ. "ಮಡಿ ಜಾಸ್ತಿ ಇದಕ್ಕೆ" ಅಂದರು ಅಮ್ಮ.

ಕಾರಣ ಆಮೇಲೆ ತಿಳಿಯಿತು. ಈ ಯಂತ್ರಗಳ ಹೊಟ್ಟೆಯಡಿ ಮೆಟ್ಟಿಲಿಂದ ಬೀಳದಿರಲಿ ಅಂತ ಸೆನ್ಸರ್‌ಗಳಿರುತ್ತವೆ. ಅವು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರುತ್ತದಾ ನೋಡುತ್ತವೆ. ಬಂದರೆ ನೆಲ ಇದೆ, ಬಾರದಿದ್ದರೆ ಹಳ್ಳ. ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. ಅಪ್ಪ ಆಸೆಪಟ್ಟು ಹಾಕಿಸಿದ ಬಾರ್ಡರ್ ಅದರ ಕಣ್ಣಿಗೆ ಪ್ರಪಾತ. ಕಪ್ಪು ಗ್ರಾನೈಟ್ ಹಾಕಿಸಿದವರಿಗೂ ಇದೇ ಪಾಡು ಬರಬಹುದು.

ಎರಡನೇ ಸಲ ಬುದ್ಧಿ ಬಂತು. ಒಂದು ಭಾನುವಾರ ಬಡಗಿ ಟೇಪು, ಹಳೇ ನೋಟ್‌ಬುಕ್ಕು ಹಿಡಿದು ಇಡೀ ಮನೆ ಅಳೆದೆ.

ಮೊದಲು ಹೊಸ್ತಿಲು. ಸುಮಾರು ಯಂತ್ರಗಳು ಹತ್ತಬಲ್ಲ ಎತ್ತರ 2 ಸೆಂಟಿಮೀಟರ್. ನಮ್ಮ ಅಡುಗೆಮನೆಯದು ಒಂದೂವರೆ, ತೊಂದರೆ ಇಲ್ಲ. ಹಳೇ ನೆಲ ಹೊಸ ನೆಲ ಸೇರುವ ಮೆಟ್ಟು ಎರಡೂಮುಕ್ಕಾಲು. ದೇವರ ಮನೆ ಹೊಸ್ತಿಲು ನಾಲ್ಕೂವರೆ. ಆ ಎರಡೂಮುಕ್ಕಾಲಿನ ಕಡೆಗೆ ಮರಗೆಲಸದ ಆಚಾರರಿಂದ ಇಳಿಜಾರಾಗಿ ಹೆರೆದ ಮರದ ಪಟ್ಟಿ ಮಾಡಿಸಿ ಇಟ್ಟೆ. ಮುನ್ನೂರು ರೂಪಾಯಿ. ಅಮ್ಮನ ಕಾಲಿಗೆ ತೊಡರಬಾರದು ಅಂತ ನೆಲಕ್ಕೆ ಗಟ್ಟಿಯಾಗಿ ಅಂಟಿಸಿದ್ದೂ ಆಯ್ತು. ದೇವರ ಮನೆಗೂ ಒಂದು ಮಾಡಿಸಲಾ ಅಂದೆ. "ಅರಿಶಿನ ಕುಂಕುಮ ಇಟ್ಟ ಹೊಸ್ತಿಲ ಮೇಲೆ ನಾವೇ ಕಾಲಿಡಲ್ಲ, ನಿನ್ನ ಡಬ್ಬ ಹತ್ತಬೇಕೇನೋ?" ಅಂದರು ಅಮ್ಮ. ಅಲ್ಲಿಗೆ ಇವತ್ತಿಗೂ ಪೊರಕೆಯೇ. ನನಗೂ ಅದೇ ಸರಿ ಅನ್ನಿಸಿತು. ಅಲ್ಲಿ ರಂಗೋಲಿ ಬೇರೆ ಇರುತ್ತದೆ.

ಆಮೇಲೆ ದಿವಾನ, ಸೋಫಾ, ಬೀರುಗಳ ಕೆಳಗಿನ ಸಂದು. ದಾರಿ ನೋಡಲು ಲೇಸರ್ ಬಳಸುವ ಯಂತ್ರಗಳ ತಲೆ ಮೇಲೆ ಒಂದು ಪುಟ್ಟ ಗೋಪುರ ಇರುತ್ತದೆ. ಅದೂ ಸೇರಿ ಎತ್ತರ ಸಾಮಾನ್ಯವಾಗಿ ಒಂಬತ್ತೂವರೆ, ಹತ್ತು ಸೆಂಟಿಮೀಟರ್. ಗೋಪುರ ಇಲ್ಲದವು ಎಂಟರ ಆಸುಪಾಸು. ನಮ್ಮ ದಿವಾನದ ಸಂದು ಸರಿಯಾಗಿ ಒಂಬತ್ತೂವರೆ! ಇದು ಎಲ್ಲಕ್ಕಿಂತ ಕೆಟ್ಟ ಅಳತೆ. ಸಂದು ಪೂರ್ತಿ ಕಮ್ಮಿ ಇದ್ದರೆ ಯಂತ್ರ ಹೊರಗೇ ಉಳಿಯುತ್ತದೆ, ಜಾಸ್ತಿ ಇದ್ದರೆ ಆರಾಮಾಗಿ ಹೋಗಿ ಬರುತ್ತದೆ. ಸರಿಸಮ ಇದ್ದರೆ ಒಳಗೆ ನುಗ್ಗಿ ಸಿಕ್ಕಿಹಾಕಿಕೊಂಡು ಕೂಗುತ್ತದೆ. ದಿವಾನದ ನಾಲ್ಕು ಕಾಲಿಗೂ ಒಂದೊಂದು ಇಂಚಿನ ಮರದ ತುಂಡು ಕೊಟ್ಟು ಎತ್ತರಿಸಿದೆ. ಮೊಣಕಾಲು ನೋವಿನವರಿಗೆ ದಿವಾನ ಎತ್ತರ ಆಗಿದ್ದೂ ಒಳ್ಳೆಯದೇ ಆಯ್ತು.

ಲೇಸರ್ ಬೇಕಾ, ಕ್ಯಾಮೆರಾ ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಮ್ಮನ ದಿನಚರಿ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಕಸ ಗುಡಿಸುವ ಹಾಗಿಲ್ಲ, ಲಕ್ಷ್ಮಿ ಹೊರಗೆ ಹೋಗ್ತಾಳೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಷ್ಟರಲ್ಲಿ ಒಳಗೆ ಗುಡಿಸಿ ಆಗಿರಬೇಕು. ಅಂದರೆ ಯಂತ್ರ ಓಡಬೇಕಾದದ್ದು ಐದೂವರೆಗೆ, ಕರ್ಟನ್ ಎಳೆದ ಕತ್ತಲಲ್ಲಿ. ಕ್ಯಾಮೆರಾ ನೋಡಿ ದಾರಿ ಹುಡುಕುವ ಯಂತ್ರಕ್ಕೆ ಬೆಳಕು ಬೇಕು. ಲೇಸರ್‌ಗೆ ಬೇಡ, ತನ್ನ ಬೆಳಕನ್ನು ತಾನೇ ಸುತ್ತ ಬೀಸಿ ಗೋಡೆ ಎಷ್ಟು ದೂರ ಅಂತ ಅಳೆದುಕೊಳ್ಳುತ್ತದೆ. ಅಲ್ಲಿಗೆ ನೋಡಿಟ್ಟಿದ್ದ ಯಂತ್ರಗಳ ಅರ್ಧ ಪಟ್ಟಿ ಹೊಡೆದುಹಾಕಿದೆ.

ಪಾಸ್ಕಲ್ ಲೆಕ್ಕಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಳೆಯುವ ಶಕ್ತಿಯ ಅಳತೆ ಅದು. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡಕ್ಷರದಲ್ಲಿ ಇರುತ್ತದೆ, ಎರಡು ಸಾವಿರ, ಐದು ಸಾವಿರ, ಹತ್ತು ಸಾವಿರ ಅಂತ. ಕಾರ್ಪೆಟ್ ಒಳಗಿನ ಧೂಳು ಎಳೆಯಲು ಅದು ಮುಖ್ಯ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕಾರ್ಪೆಟ್ ಇದೆ ಹೇಳಿ? ಬರೀ ನೆಲದ ಮೇಲಿನ ಧೂಳು, ಕೂದಲು, ಒಗ್ಗರಣೆಯಿಂದ ಹಾರಿದ ಸಾಸಿವೆಗೆ ಕಡಿಮೆಯದೇ ಸಾಕು.

ಆಮೇಲೆ ಅಂಗಡಿಗೆ ಹೋದೆ. ಆನ್‌ಲೈನ್‌ನಲ್ಲಿ ಇನ್ನೂರು ರೂಪಾಯಿ ಕಮ್ಮಿ ಸಿಗಬಹುದು, ಇರಲಿ. ಹೋಗುವಾಗ ಸ್ಟೇಷನರಿ ಅಂಗಡಿಯಿಂದ ಒಂದು ಕಪ್ಪು ಡ್ರಾಯಿಂಗ್ ಶೀಟು, ಒಂದು ಸೆಲ್ಲೊಟೇಪ್ ತೆಗೆದುಕೊಂಡು ಹೋಗಿದ್ದೆ. "ಡೆಮೋ ತೋರಿಸಿ" ಅಂದೆ. ಹುಡುಗ ಆನ್ ಮಾಡುವ ಮೊದಲೇ ನೆಲದ ಮೇಲೆ ಶೀಟು ಅಂಟಿಸಿದೆ. "ಇದೇನ್ ಸರ್, ಚಿತ್ರ ಬರೀತೀರಾ?" ಅಂತ ನಕ್ಕ. ಮೊದಲ ಯಂತ್ರ ಶೀಟಿನ ಅಂಚಿಗೆ ಬಂದು ಹಿಂದೆ ಹೋಯಿತು. ಎರಡನೆಯದೂ ಅಷ್ಟೇ. ಹುಡುಗನ ನಗು ನಿಂತಿತು, ಅವನಿಗೂ ಇದು ಹೊಸದು. ಮೂರನೆಯದು ಅಂಚಿನಲ್ಲಿ ಸ್ವಲ್ಪ ತಡವರಿಸಿ, ಮೇಲೆ ಹತ್ತಿ ಆಚೆ ಹೋಯಿತು. ಅದನ್ನೇ ಶೋಕೇಸಿನ ಮೆಟ್ಟಿಲ ಅಂಚಿಗೂ ಬಿಡಿಸಿ ನೋಡಿದೆ. ಕಪ್ಪು ದಾಟುತ್ತೆ ಅಂತ ಹಳ್ಳಕ್ಕೆ ಬೀಳುವ ಯಂತ್ರ ಬೇಡವಲ್ಲ. ನಿಂತಿತು.

ಅದರ ಬೆಲೆ 24 ಸಾವಿರ. ತಾನೇ ಕಸ ಖಾಲಿ ಮಾಡಿಕೊಳ್ಳುವ ದೊಡ್ಡ ಡಬ್ಬ ಸೇರಿಸಿದರೆ ಇನ್ನೂ ಹನ್ನೆರಡು ಸಾವಿರ. ಬೇಡ ಅಂದೆ. ಆ ಡಬ್ಬದೊಳಗಿನ ಚೀಲ ತುಂಬಿದಾಗಲೆಲ್ಲ ಹೊಸದು ಕೊಳ್ಳಬೇಕು. ದಿನಾ ಬೆಳಿಗ್ಗೆ ಒಂದು ಡಬ್ಬಿ ಕಸದ ಬುಟ್ಟಿಗೆ ಬಗ್ಗಿಸಲು ಏನು ಕಷ್ಟ? ಮನೆಯಲ್ಲಿ ನಾಯಿ ಬೆಕ್ಕು ಇದ್ದು ದಿನಾ ರಾಶಿ ಕೂದಲು ಬೀಳುವವರ ಲೆಕ್ಕ ಬೇರೆ. ಅಂಗಡಿಯಲ್ಲಿ ಕೇಳಿದ ಇನ್ನೊಂದು ಮಾತು, ಕೆಟ್ಟರೆ ಮೈಸೂರಲ್ಲೇ ಬಿಚ್ಚುವವರು ಇದ್ದಾರಾ, ಇಲ್ಲಾ ಬೆಂಗಳೂರಿಗೆ ಪಾರ್ಸಲ್ ಮಾಡಬೇಕಾ? ಪಕ್ಕದ ಬ್ರಷ್ಷು, ಫಿಲ್ಟರು ಬಿಡಿಯಾಗಿ ಸಿಗುತ್ತವಾ? ಅವು ಸವೆಯುವ ಸಾಮಾನು.

ಮನೆಗೆ ತಂದ ದಿನ ಅರ್ಧ ಗಂಟೆ ವೈಫೈಗೇ ಹೋಯಿತು. ಇಂಥ ಬಹಳಷ್ಟು ಯಂತ್ರಗಳು ವೈಫೈನ ಎರಡು ಬ್ಯಾಂಡುಗಳ ಪೈಕಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಮಾತಾಡುತ್ತವೆ, ನನ್ನ ಫೋನು 5ರಲ್ಲಿ ಕೂತಿತ್ತು. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ, ಸರಿ ಹೋಯಿತು. ಆಮೇಲೆ ಅದು ಮನೆಯೆಲ್ಲ ಸುತ್ತಿ ನಕ್ಷೆ ಬರೆಯಿತು. ನಕ್ಷೆಯಲ್ಲಿ ನನ್ನ ರೂಮಿನಾಚೆ ಇನ್ನೊಂದು ರೂಮು! ನಮಗೇ ಗೊತ್ತಿಲ್ಲದ ರೂಮು ಎಲ್ಲಿಂದ ಬಂತು ಅಂತ ನೋಡಿದರೆ, ವಾರ್ಡ್‌ರೋಬಿನ ನೆಲಮಟ್ಟದ ಕನ್ನಡಿ. ಲೇಸರ್ ಅದಕ್ಕೆ ಹೊಡೆದು ಮರಳಿ, ಕನ್ನಡಿಯೊಳಗಿನ ರೂಮನ್ನೂ ಲೆಕ್ಕಕ್ಕೆ ಹಿಡಿದಿತ್ತು. ಆ್ಯಪ್‌ನಲ್ಲಿ ಅಲ್ಲಿಗೊಂದು ದಾಟಬೇಡ ಅನ್ನುವ ಗೆರೆ ಎಳೆದೆ. ಬಚ್ಚಲಿನ ಬಾಗಿಲಿಗೂ ಎಳೆದೆ, ಅಲ್ಲಿ ಸದಾ ನೀರು. ಒದ್ದೆ ನೆಲಕ್ಕೆ ಇದನ್ನು ಬಿಟ್ಟರೆ ಧೂಳೆಲ್ಲ ಕೆಸರಾಗಿ ಒಳಗೆ ಮೆತ್ತಿಕೊಳ್ಳುತ್ತದೆ.

ಅಂಗಡಿಯ ಶೀಟು ದಾಟಿದ ಯಂತ್ರ ಅಮ್ಮನ ರೂಮಿನ ಬಾಗಿಲಲ್ಲಿ ಮಾತ್ರ ಎರಡು ದಿನಕ್ಕೊಮ್ಮೆ ಹಟ ಮಾಡಿತು. ನಲವತ್ತು ವರ್ಷ ಒರೆಸಿ ಒರೆಸಿ ಆ ಪಟ್ಟಿ ಕನ್ನಡಿ ಥರ ಮಿನುಗುತ್ತದೆ, ಬಿದ್ದ ಬೆಳಕು ಸೆನ್ಸರಿಗೆ ಮರಳದೆ ಬೇರೆ ಕಡೆ ಚಿಮ್ಮುತ್ತದೆ. ಕಾಗದಕ್ಕೆ ಆ ಹೊಳಪು ಎಲ್ಲಿಂದ ಬರಬೇಕು? ಕೊನೆಗೆ ಅದರ ಮೇಲೆ ತಿಳಿ ಬಣ್ಣದ ತೆಳು ಮ್ಯಾಟು ಅಂಟಿಸಿದೆ. ಸೆನ್ಸರಿಗೇ ಬಿಳಿ ಕಾಗದ ಅಂಟಿಸಿಬಿಡಿ ಅನ್ನುವವರಿದ್ದಾರೆ. ಮಹಡಿ ಮೆಟ್ಟಿಲಿರುವ ಮನೆಯಲ್ಲಿ ಆ ಕೆಲಸ ಮಾಡಬೇಡಿ, ಕಣ್ಣಿಗೆ ಬಟ್ಟೆ ಕಟ್ಟಿ ಬಾವಿ ಹತ್ತಿರ ಬಿಟ್ಟ ಹಾಗೆ.

ಕರೆಂಟು ಹೋದಾಗ ಇನ್ನೊಂದು ಪಾಠ. ಯಂತ್ರಕ್ಕೆ ಬ್ಯಾಟರಿ ಇದೆ, ಅದು ಗುಡಿಸುತ್ತಲೇ ಇತ್ತು. ಆದರೆ ಯಂತ್ರ ತಾನೇ ಹೋಗಿ ಕೂತು ಚಾರ್ಜ್ ಆಗುವ ಗೂಡು, ಅಂದರೆ ಚಾರ್ಜಿಂಗ್ ಡಾಕ್‌ಗೆ ಕರೆಂಟಿಲ್ಲದಿದ್ದರೆ ಅದು ಸಿಗ್ನಲ್ ಬಿಡುವುದಿಲ್ಲ. ಕೆಲಸ ಮುಗಿಸಿ ಮನೆಗೆ ಬಂದರೆ ಮನೆಯೇ ಸಿಗುತ್ತಿಲ್ಲ ಅನ್ನುವ ಹಾಗೆ ಡಾಕ್ ಮುಂದೆ ಸುತ್ತಾಡಿ ಸುಸ್ತಾಗಿ ನಿಂತಿತ್ತು. ಈಗ ಡಾಕ್, ರೂಟರ್ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿದ್ದೇನೆ. ಡಾಕ್‌ನ ಅಕ್ಕಪಕ್ಕ ಅರ್ಧ ಮೀಟರ್, ಮುಂದೆ ಒಂದು ಮೀಟರಿಗಿಂತ ಜಾಸ್ತಿ ಜಾಗ ಖಾಲಿ ಬಿಡಬೇಕು ಅನ್ನುವುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಚಪ್ಪಲಿ ಸ್ಟ್ಯಾಂಡಿನ ಸಂದಿಯಲ್ಲಿ ತುರುಕುವ ಸಾಮಾನಲ್ಲ ಅದು.

ಒರೆಸುವ ವಿಷಯಕ್ಕೆ ಬಂದರೆ, ನನ್ನ ಯಂತ್ರ ಒದ್ದೆ ಬಟ್ಟೆಯನ್ನು ಹಿಂದೆ ಎಳೆದುಕೊಂಡು ಹೋಗುತ್ತದೆ ಅಷ್ಟೇ. ನೆಲ ತಂಪಾಗುತ್ತದೆ. ಒಣಗಿದ ಸಾರಿನ ಕಲೆ ಹೋಗಲ್ಲ. ಟ್ಯಾಂಕಿಗೆ ಫಿನಾಯಿಲ್ ಹಾಕಬೇಡಿ ಎಂದು ಪುಸ್ತಕದಲ್ಲೇ ಬರೆದಿದೆ. ತಿರುಗುವ ಬಟ್ಟೆ ಇರುವ ದುಬಾರಿ ಯಂತ್ರಗಳು ಇನ್ನೂ ಚೆನ್ನಾಗಿ ಒರೆಸುತ್ತವೆ, ಆದರೆ ನನ್ನ ಜೇಬಿಗೆ ಅವು ದೂರ. ಮೂರು ತಿಂಗಳ ಮೇಲೆ ಮನೆಗೆಲಸದ ಅಕ್ಕ ಊರಿಂದ ಬಂದು ಇದನ್ನು ಕಂಡು ಮುಖ ಸಣ್ಣ ಮಾಡಿದರು. ಸಂಬಳ ಕಮ್ಮಿ ಮಾಡಲ್ಲ ಅಂತ ಅಮ್ಮ ಮೊದಲೇ ಹೇಳಿಬಿಟ್ಟರು. ಈಗ ಅವರು ಒರೆಸುವುದು, ಮೂಲೆಗಳಿಗೆ ಪೊರಕೆ ಹಾಕುವುದು ಮಾಡುತ್ತಾರೆ. ದುಂಡಗಿನ ಯಂತ್ರ ಮೂಲೆ ತಲುಪುವುದಿಲ್ಲ. "ಅಮ್ಮಾ, ನಿಮ್ಮ ಆಮೆ ಮೂಲೇಲಿ ಎಷ್ಟು ಬಿಟ್ಟಿದೆ ನೋಡಿ" ಅಂತ ದಿನಾ ಮೊರದಲ್ಲಿ ತಂದು ತೋರಿಸುತ್ತಾರೆ. ಅವರಿಗೆ ಅದೊಂದು ಖುಷಿ.

ಆಮೆ ಅಂತ ಹೆಸರಿಟ್ಟದ್ದು ಅಮ್ಮನೇ. ಒಂದು ದಿನ ಆ ಆಮೆ ನಡುಹಾಲಿನಲ್ಲಿ ಗೊರ್ ಅಂತ ನಿಂತಿತು. ತಿರುಗಿಸಿ ಉರುಳು ಬ್ರಷ್ಷು ಬಿಚ್ಚಿದೆ. ಅಮ್ಮನ ಉದ್ದ ಕೂದಲು ಇರುತ್ತದೆ ಅಂದುಕೊಂಡಿದ್ದೆ, ಇತ್ತು ಕೂಡ. ಆದರೆ ಅದರ ಕೆಳಗೆ, ಎರಡೂ ತುದಿಯ ಗುಬ್ಬಿಗೆ ಬಿಗಿಯಾಗಿ ಸುತ್ತಿಕೊಂಡಿದ್ದು ಬಾಳೆ ನಾರು! ಸಂಜೆ ಮಲ್ಲಿಗೆ ಕಟ್ಟುವಾಗ ಉದುರಿದ ಚೂರುಗಳು. ಒಣಗಿ ತಂತಿ ಥರ ಆಗಿದ್ದವು, ನಡುವೆ ಎರಡು ಕಂದು ಮೊಗ್ಗು. ಯಂತ್ರದ ಜೊತೆ ಕೊಟ್ಟ ಪುಟ್ಟ ಬ್ಲೇಡು ಅದಕ್ಕೆ ಸಾಲಲಿಲ್ಲ. ಅಮ್ಮ ಹೊಲಿಗೆ ಡಬ್ಬದಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತಂದುಕೊಟ್ಟರು. ಸರಕ್ಕನೆ ಕತ್ತರಿಸಿತು.

ಅಂದಿನಿಂದ ಭಾನುವಾರದ ಆ ಕೆಲಸ ಅವರದೇ. ತಿಂಡಿ ಆದ ಮೇಲೆ ಕುರ್ಚಿ ಮೇಲೆ ಕೂತು, ಸ್ಟೂಲಿನ ಮೇಲೆ ಪೇಪರ್ ಹಾಸಿ, ಆಮೆಯನ್ನು ಬೋರಲು ಹಾಕಿಕೊಂಡು ನಾರು ಬಿಡಿಸುತ್ತಾರೆ. ಹೂ ಕಟ್ಟುವಾಗ ಮಡಿಲಿಗೆ ಟವೆಲ್ ಹಾಕಿಕೊಳ್ಳಿ, ನೆಲಕ್ಕೆ ಬೀಳಲ್ಲ ಅಂತ ನಾನು ಹೇಳಿ ನೋಡಿದೆ. "ಸುಮ್ನಿರೋ, ಅದಕ್ಕೂ ಏನಾದರೂ ಕೆಲಸ ಬೇಡವಾ" ಅಂದರು.