ಮೊಲ ಮೇವು ಬಿಟ್ಟಿತೆ? ಹೊಟ್ಟೆಯ ಜೊತೆಗೆ ಯಕೃತ್ತನ್ನೂ ನೋಡಿಸಿ

ಕಳೆದ ಮಳೆಗಾಲದಲ್ಲಿ ಮೈಸೂರಿನ ಕುವೆಂಪುನಗರದ ಮನೆಯೊಂದರಿಂದ ನನ್ನ ಮೇಜಿಗೆ ಬಂದ ಎರಡು ಕಿಲೋ ತೂಕದ ಬಿಳಿ ಮೊಲ, ಹಿಂದಿನ ರಾತ್ರಿಯಿಂದ ಗರಿಕೆಯನ್ನು ಮೂಸಿಯೂ ನೋಡಿರಲಿಲ್ಲ. ಕಡಲೆಕಾಳಿನ ಗಾತ್ರದಲ್ಲಿರಬೇಕಾದ ಹಿಕ್ಕೆ ಸಾಸಿವೆಯಷ್ಟಾಗಿತ್ತು, ಅದೂ ಗೂಡಿನಲ್ಲಿ ನಾಲ್ಕೈದು ಮಾತ್ರ. ಮನೆಯವರು ಹೊಟ್ಟೆಯುಬ್ಬರವೆಂದು ತಿಳಿದಿದ್ದರು. ಯಾರೇ ಆದರೂ ಹಾಗೆಯೇ ತಿಳಿಯುತ್ತಿದ್ದರು. ಆದರೆ ತುಟಿ ಸರಿಸಿ ನೋಡಿದಾಗ, ತಿಳಿಗುಲಾಬಿ ಬಣ್ಣವಿರಬೇಕಾದ ಒಸಡು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಕರುಳಿನ ಚಲನೆ ನಿಂತ ಮೊಲವೂ ಯಕೃತ್ತಿನ ಹಾಲೆ (ಎಲೆಯಂಥ ಭಾಗ) ತಿರುಚಿಕೊಂಡ ಮೊಲವೂ ಮೇಲ್ನೋಟಕ್ಕೆ ಒಂದೇ ರೀತಿ ಮುದುಡಿ ಕೂರುತ್ತವೆ. ಅನುಮಾನ ಹುಟ್ಟಿಸುವ ಮೊದಲ ಸುಳಿವು ಆ ಒಸಡು.

ಮೊಲದ ಯಕೃತ್ತು ಹಲವು ಹಾಲೆಗಳಾಗಿ ಹರಡಿಕೊಂಡಿರುತ್ತದೆ. ಅವುಗಳಲ್ಲಿ ಹಿಂಬದಿಯ ಬಾಲಹಾಲೆ ಕಿರಿದಾದ ತೊಟ್ಟಿನ ಮೇಲೆ ನಿಂತಿರುವುದರಿಂದ ಹೆಚ್ಚಾಗಿ ತಿರುಚಿಕೊಳ್ಳುವುದು ಅದೇ. ತೊಟ್ಟು ತಿರುಚಿದಾಗ ರಕ್ತ ಹೊರಹೋಗುವ ದಾರಿ ಮೊದಲು ಮುಚ್ಚುತ್ತದೆ, ಹಾಲೆ ರಕ್ತ ತುಂಬಿ ಬಾತುಕೊಳ್ಳುತ್ತದೆ, ಕೊನೆಗೆ ಸಾಯುತ್ತದೆ. ಆಗ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಯಕೃತ್ತಿನ ಎಲ್ಲ ಕಾಯಿಲೆಗೂ ಕತ್ತರಿ ಬೇಕಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಂಡ್ಯದ ಕಡೆಯ ಮೊಲ ಸಾಕಣೆಯ ಶೆಡ್ಡುಗಳಲ್ಲಿ ಎಳೆಯ ಮರಿಗಳು ಸೊರಗಿ, ಹೊಟ್ಟೆ ಮಾತ್ರ ದಪ್ಪವಾಗಿ ಸಾಯುತ್ತಿದ್ದರೆ, ಪಿತ್ತನಾಳಗಳನ್ನು ಹಾಳುಮಾಡುವ ಐಮೀರಿಯಾ ಸ್ಟೈಡೇ ಎಂಬ ಪರಾವಲಂಬಿಯನ್ನು ಶಂಕಿಸಬೇಕು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಅದರ ಕೋಶಗಳು ಕಾಣುತ್ತವೆ. ಸಲ್ಫಾ ಔಷಧ ಅಥವಾ ಟೋಲ್ಟ್ರಾಜುರಿಲ್, ಜೊತೆಗೆ ಹಿಕ್ಕೆ ಕೆಳಗೆ ಬೀಳುವಂಥ ಜಾಲರಿ ನೆಲ, ಇವೇ ಅದಕ್ಕೆ ಉಪಾಯ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಕೂಡ ಮೊಲದ ಯಕೃತ್ತಿಗೆ ಕಡುವಿಷ. ಕೊಬ್ಬಿದ ಮೊಲ ಒಂದೆರಡು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅದಕ್ಕೆ ಮದ್ದು ಆಹಾರವೇ ಹೊರತು ಶಸ್ತ್ರವಲ್ಲ.

ಪತ್ತೆ ಮಾಡುವ ಬಗೆ

ಮೊದಲು ಉಷ್ಣಾಂಶ ನೋಡಬೇಕು. ಆರೋಗ್ಯವಂತ ಮೊಲದಲ್ಲಿ ಅದು 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 38ಕ್ಕಿಂತ ಕೆಳಗಿಳಿದಿದ್ದರೆ ಉಳಿದ ಪರೀಕ್ಷೆಗಳನ್ನು ಬದಿಗಿಟ್ಟು ಮೈ ಬೆಚ್ಚಗೆ ಮಾಡುವುದೇ ಮೊದಲ ಕೆಲಸ. ಬಳಿಕ ಕಿವಿಯಂಚಿನ ಅಥವಾ ಹಿಂಗಾಲಿನ ರಕ್ತನಾಳದಿಂದ ಒಂದೆರಡು ಮಿ.ಲೀ. ರಕ್ತ ತೆಗೆದರೆ ಸಾಕು. ರಕ್ತದಲ್ಲಿ ಕೆಂಪುಕಣಗಳ ಪಾಲು 30 ಪ್ರತಿಶತಕ್ಕಿಂತ ಕಡಿಮೆಯಾಗಿದ್ದು, ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎಎಲ್‌ಟಿ ಮತ್ತು ಎಎಸ್‌ಟಿ ಕಿಣ್ವಗಳು ಏರಿದ್ದರೆ ಯಕೃತ್ತಿನ ಕಡೆಗೆ ಬೆರಳು ತೋರಿಸಿದಂತೆ. ಅದೇ ರಕ್ತದಲ್ಲಿ ಗ್ಲೂಕೋಸ್ ಪ್ರತಿ ಡೆಸಿಲೀಟರ್‌ಗೆ (100 ಮಿ.ಲೀ.ಗೆ) 360 ಮಿ.ಗ್ರಾಂ. ದಾಟಿದ್ದರೆ ಕರುಳು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ಎಕ್ಸ್‌ರೇ ಒಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ. ನಿಜವಾದ ಉತ್ತರ ಡಾಪ್ಲರ್ ಇರುವ ಅಲ್ಟ್ರಾಸೌಂಡ್‌ನಲ್ಲಿದೆ: ಉಳಿದ ಹಾಲೆಗಳಲ್ಲಿ ಕೆಂಪು, ನೀಲಿ ಬಣ್ಣಗಳಾಗಿ ರಕ್ತದ ಹರಿವು ಕಾಣುವಾಗ ಒಂದು ಹಾಲೆ ಮಾತ್ರ ಬಣ್ಣವಿಲ್ಲದೆ ನಿಶ್ಚಲವಾಗಿದ್ದರೆ ಅದು ತಿರುಚಿಕೊಂಡಿದೆ. ಈ ಸೌಲಭ್ಯ ಹತ್ತಿರ ಇಲ್ಲದವರು ಹಾಸನ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೊಂದು ಇರಲಿ.

ಶಸ್ತ್ರಚಿಕಿತ್ಸೆ

ಮೊಲಕ್ಕೆ ವಾಂತಿಯಾಗುವುದಿಲ್ಲ, ಆದ್ದರಿಂದ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವಬಾರದು, ಒಂದೆರಡು ಗಂಟೆ ಮೇವು ತೆಗೆದಿಟ್ಟು ಬಾಯಿ ಒರೆಸಿದರೆ ಸಾಕು. ಬೆಚ್ಚಗಿನ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟು, ಬ್ಯುಪ್ರೆನಾರ್ಫಿನ್‌ನಿಂದ ನೋವು ತಗ್ಗಿಸಿ, ಮೊಲ ತುಸು ಚೇತರಿಸಿಕೊಂಡ ಮೇಲೆಯೇ ಅರಿವಳಿಕೆ. ಹೃದಯಬಡಿತ ಏರಿಸಲು ಕೊಡುವ ಅಟ್ರೋಪಿನ್ ಔಷಧವನ್ನು ಒಡೆದುಹಾಕುವ ಕಿಣ್ವ ಅನೇಕ ಮೊಲಗಳ ರಕ್ತದಲ್ಲಿರುವುದರಿಂದ, ಬಡಿತ ಇಳಿದಾಗ ಅದೇ ಕೆಲಸದ ಗ್ಲೈಕೊಪಿರೊಲೇಟ್ ಹೆಚ್ಚು ನಂಬಿಕಸ್ಥ.

ಕೂದಲು ಬೋಳಿಸುವಾಗಲೇ ಚರ್ಮ ಹರಿಯಬಹುದು, ಅಷ್ಟು ತೆಳು ಅದು. ಎದೆಮೂಳೆಯ ಕೆಳಗಿನಿಂದ ಹೊಟ್ಟೆಯ ನಡುಗೆರೆಯಲ್ಲಿ ಸೀಳುವಾಗ ಸ್ನಾಯುಪದರವನ್ನು ಮೇಲೆತ್ತಿ ಹಿಡಿಯಬೇಕು, ಏಕೆಂದರೆ ಕಾಗದದಂತಹ ಅಂಧಕರುಳು ಅದರ ಕೆಳಗೇ ಮಲಗಿರುತ್ತದೆ. ಕುವೆಂಪುನಗರದ ಮೊಲದಲ್ಲಿ ಬಾಲಹಾಲೆ ಕಳಿತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ, ಪಕ್ಕದ ಹಾಲೆಗಳಿಗಿಂತ ದಪ್ಪಗಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಇಲ್ಲಿ ಕೈ ತಡೆಯಬೇಕು: ತಿರುಚಿದ್ದನ್ನು ಬಿಡಿಸಿ ಸರಿಮಾಡೋಣ ಎನಿಸುತ್ತದೆ, ಆದರೆ ಬಿಡಿಸಿದರೆ ಸತ್ತ ಹಾಲೆಯಲ್ಲಿ ಕಟ್ಟಿನಿಂತ ವಿಷ ಮತ್ತು ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತವೆ. ತಿರುಚಿದಂತೆಯೇ ತೊಟ್ಟಿಗೆ ದಾರ ಬಿಗಿದು ಅಥವಾ ಲೋಹದ ಕ್ಲಿಪ್ ಹಾಕಿ ಹಾಲೆಯನ್ನು ಕತ್ತರಿಸಿ ತೆಗೆಯಬೇಕು. ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆ ಪಕ್ಕದಲ್ಲೇ ಹಾದುಹೋಗುವುದರಿಂದ ಗಂಟು ಎಲ್ಲಿ ಕೂರುತ್ತಿದೆ ಎಂಬುದನ್ನು ಕಣ್ಣಾರೆ ಕಾಣದೆ ಬಿಗಿಯುವಂತಿಲ್ಲ. ಕರುಳುಗಳನ್ನು ಬೆಚ್ಚಗಿನ ಸಲೈನಿನಿಂದ ತೇವವಾಗಿಡಬೇಕು, ಒಣಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಲಿಗೆಗೆ, ಪ್ರಾಣಿಗಳ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ದಾರ ಮೊಲಕ್ಕೆ ಆಗಿಬರುವುದಿಲ್ಲ. ಮೈಯೊಳಗೇ ಕರಗುವ ಒಂಟಿಯೆಳೆಯ ಪಾಲಿಡಯಾಕ್ಸನೋನ್ ದಾರ ಒಳ್ಳೆಯದು. ಮೊಲ ಹಲ್ಲಿನಿಂದ ಕಿತ್ತುಹಾಕದಂತೆ ಹೊಲಿಗೆ ಚರ್ಮದೊಳಗೇ ಮುಗಿಯಲಿ.

ಹೊಲದಂಚಿನಲ್ಲಿ ಬಿದ್ದಿರುವ ಕಾಡುಮೊಲ ಸಿಕ್ಕಿದರೆ ಮಾತು ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಮನೆಗೆ ಒಯ್ಯದೆ, ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು.

ಆಪರೇಷನ್ ಆದ ಮೇಲೆ

ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಮೊಲ ತಿನ್ನಬೇಕು. ತಿನ್ನದಿದ್ದರೆ ನಾರಿನಂಶದ ಗಂಜಿಯನ್ನು ಸಿರಿಂಜಿನಿಂದ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನಾಗಲಿ ಕ್ಲಿಂಡಾಮೈಸಿನ್ ಅನ್ನಾಗಲಿ ಬಾಯಿಗೆ ಹಾಕಲೇಬೇಡಿ, ಅವು ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಮೊಲವನ್ನೂ ಕೊಲ್ಲುತ್ತವೆ. ಜೊತೆಗಾರ ಮೊಲವಿದ್ದರೆ ಹತ್ತಿರವೇ ಇರಲಿ, ಅದರಿಂದ ಮೇವಿಗೆ ಬಾಯಿ ಹಾಕುವುದು ಬೇಗ. ಗೂಡಿಗೆ ಬಿಳಿ ಬಟ್ಟೆ ಹಾಸಿ ದಿನವೂ ಹಿಕ್ಕೆಯನ್ನು ಎಣಿಸಿ ಬರೆದಿಡಿ. ಗಾತ್ರ ಮತ್ತೆ ಕಡಲೆಕಾಳಿನಷ್ಟಾಗುವವರೆಗೆ ನೋವಿನ ಔಷಧವನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಹತ್ತು ದಿನಗಳ ನಂತರ ರಕ್ತಪರೀಕ್ಷೆಗೆ ಮತ್ತೊಮ್ಮೆ ಕರೆತನ್ನಿ.