ಶಾಸನ ಕಮ್ಮಟ ನಡೆಸುವುದು ಹೇಗೆ?

ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಭಾಷಣ, ಊಟ, ಪ್ರಮಾಣಪತ್ರ: ಇತಿಹಾಸ ವಿಭಾಗದ ಹೆಚ್ಚಿನ ಕಾರ್ಯಾಗಾರಗಳು ಇಷ್ಟಕ್ಕೇ ಮುಗಿಯುತ್ತವೆ. ಬನವಾಸಿ, ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳ ಎಲ್ಲವೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ಒಂದು ಶಾಸನವನ್ನೂ ಕಲ್ಲಿನ ಮುಂದೆ ಕೂತು ಓದದೆ ಎಂ.ಎ. ಮುಗಿಸುವವರಿದ್ದಾರೆ. ಕಲ್ಲಿನ ಬರಹದ ಮೇಲೆ ಒದ್ದೆ ಕಾಗದ ಹಾಸಿ, ಬಡಿದು, ಮಸಿ ತಟ್ಟಿ ನಕಲು (ಪಡಿಯಚ್ಚು) ತೆಗೆದು ಓದುವುದೇ ಶಾಸನ ಕಮ್ಮಟ. ಅದಕ್ಕೆ ಎರಡು ದಿನ, 24 ವಿದ್ಯಾರ್ಥಿಗಳು, 4 ತಂಡ, ತಂಡಕ್ಕೊಂದು ಕಲ್ಲು. ಈ ಅಳತೆ ಮೀರಿದರೆ ಅರ್ಧ ಜನ ಬರೀ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ನಿಲ್ಲುತ್ತಾರೆ.

ನವೆಂಬರ್ ಕೊನೆಯಿಂದ ಫೆಬ್ರುವರಿಯೊಳಗೆ ದಿನ ಗೊತ್ತುಮಾಡಿ. ಮಳೆಗಾಲದಲ್ಲಿ ಕಲ್ಲು ಪಾಚಿ ಹಿಡಿದಿರುತ್ತದೆ, ಕಾಗದ ಒಣಗುವುದೇ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಇದಕ್ಕೆ ತದ್ವಿರುದ್ಧ, ಮಸಿ ಹಚ್ಚುವ ಮೊದಲೇ ಕಾಗದ ಎದ್ದುಬಿಡುತ್ತದೆ.

ಯಾವ ಕಲ್ಲು, ಯಾರ ಅನುಮತಿ

ಹೊಸಬರಿಗೆ 15-16ನೇ ಶತಮಾನದ ದಾನಶಾಸನ ಕೊಡಿ. ವಿಜಯನಗರ ಕಾಲದ ಲಿಪಿ ಇಂದಿನ ಕನ್ನಡಕ್ಕೆ ಹತ್ತಿರ, ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಬನವಾಸಿಯ ನಾಗಶಿಲ್ಪದ ಮೇಲಿರುವ ಪ್ರಾಕೃತ ಶಾಸನ ಬ್ರಾಹ್ಮಿ ಲಿಪಿಯದು; ತೋರಿಸಿ, ಓದಿಸಲು ಹೋಗಬೇಡಿ.

ಸಂರಕ್ಷಿತ ಸ್ಮಾರಕದ ಕಲ್ಲನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಬನವಾಸಿಯ ಮಧುಕೇಶ್ವರ ದೇವಾಲಯದಂಥ ಕಡೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ರಾಜ್ಯ ಪುರಾತತ್ವ ಇಲಾಖೆಗೆ ಕನಿಷ್ಠ ಎರಡು ತಿಂಗಳು ಮೊದಲೇ ವಿಭಾಗದ ಮುಖ್ಯಸ್ಥರ ಸಹಿಯಿರುವ ಪತ್ರ ಹೋಗಲಿ. ತೋಟದಲ್ಲೋ ಗದ್ದೆಯ ಅಂಚಿನಲ್ಲೋ ಇರುವ ಕಲ್ಲಾದರೆ ಜಾಗದವರನ್ನು ಹೋಗಿ ಕೇಳಬೇಕು. ಎಣ್ಣೆ, ಕುಂಕುಮ ಹಚ್ಚಿ ಪೂಜಿಸುವ ಕಲ್ಲನ್ನು ಬಿಟ್ಟುಬಿಡಿ. ಎಣ್ಣೆಗೆ ಒದ್ದೆ ಕಾಗದ ಅಂಟುವುದಿಲ್ಲ, ತೊಳೆಯುವ ಹಕ್ಕು ನಮಗಿಲ್ಲ.

ಶಾಸನದ ಅಚ್ಚಾದ ಪಾಠ, ಅಂದರೆ ವಿದ್ವಾಂಸರು ಓದಿ ಪ್ರಕಟಿಸಿದ ಬರಹ, ಮೊದಲೇ ಹುಡುಕಿಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಶಾಸನ ಸಂಪುಟಗಳ ಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹುಡುಕಿ, ಸಿಗದೆ, ನಮ್ಮೂರಿನ ಶಾಸನ ಪ್ರಕಟವೇ ಆಗಿಲ್ಲ ಎಂದುಕೊಳ್ಳುತ್ತಾರೆ. ರೈಸ್ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿನದು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಮೊದಲು ತೆರೆಯಬೇಕಾದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಮುಂಬಯಿ-ಕರ್ನಾಟಕ ಸಂಪುಟಗಳನ್ನು: 11, 15, 18 ಮತ್ತು 20.

ಮೊದಲ ದಿನ

ಉಪನ್ಯಾಸ 45 ನಿಮಿಷ ಸಾಕು. ಕದಂಬರಿಂದ ಕೆಳದಿಯವರೆಗೆ ಇಡೀ ಇತಿಹಾಸ ಬೇಡ. ಮರುದಿನ ನೋಡುವ ಒಂದು ಶಾಸನದ ದೊಡ್ಡ ಫೋಟೊ ಇಟ್ಟುಕೊಂಡು ಅದನ್ನಷ್ಟೇ ಓದಿಸಿ ಎಂದು ಉಪನ್ಯಾಸಕರಿಗೆ ಮೊದಲೇ ತಿಳಿಸಿ.

ಲಿಪಿ ಹಿಡಿಯಲು ಸುಲಭ ದಾರಿ, ಎಲ್ಲ ಕಡೆ ಬರುವ ಶ್ಲೋಕಗಳು. ಶೈವ ಶಾಸನ ಹೆಚ್ಚಾಗಿ ‘ನಮಸ್ತುಂಗ ಶಿರಶ್ಚುಂಬಿ’ ಎಂದು, ಜೈನ ಶಾಸನ ‘ಶ್ರೀಮತ್ಪರಮಗಂಭೀರ’ ಎಂದು ಶುರುವಾಗುತ್ತದೆ. ಕೊನೆಗೆ ‘ಸ್ವದತ್ತಾಂ ಪರದತ್ತಾಂ ವಾ’ ಬರುತ್ತದೆ. ಇವು ಬಾಯಿಪಾಠವಿದ್ದರೆ ಮೊದಲ ಮತ್ತು ಕೊನೆಯ ಸಾಲುಗಳಿಂದಲೇ ಬಹುಪಾಲು ಅಕ್ಷರಗಳ ಆಕಾರ ಸಿಕ್ಕಿಬಿಡುತ್ತದೆ. ಪದಗಳ ನಡುವೆ ಜಾಗ ಇರುವುದಿಲ್ಲ, ಎ-ಏ, ಒ-ಓ ಭೇದವೂ ಇಲ್ಲ ಎಂಬುದನ್ನು ಹೇಳಿಡಿ.

ಮಧ್ಯಾಹ್ನ ಪಡಿಯಚ್ಚಿನ ಅಭ್ಯಾಸ. ಇದಕ್ಕೆ ಹಳೆಯ ಶಾಸನ ಯಾಕೆ, ಕಾಲೇಜಿನದೇ ಅಡಿಗಲ್ಲು ಇದೆಯಲ್ಲ! ಮಂತ್ರಿಗಳ ಹೆಸರು ಕೊರೆದ ಆ ಗ್ರಾನೈಟಿನ ಮೇಲೆ ಮಸಿ ಚೆಲ್ಲಿದರೂ ಒರೆಸಿದರೆ ಹೋಗುತ್ತದೆ.

ಪಡಿಯಚ್ಚು ತೆಗೆಯುವ ಬಗೆ

ತಂಡಕ್ಕೆ 6 ಹಾಳೆ ಮ್ಯಾಪ್ಲಿಥೋ ಕಾಗದ, 2 ಬಕೆಟ್ ನೀರು, ಉದ್ದ ಕೂದಲಿನ ಗಟ್ಟಿ ಬ್ರಷ್ ಒಂದು, ಮೃದು ಬ್ರಷ್ ಒಂದು, ಇಂಡಿಯನ್ ಇಂಕ್, ಚಪ್ಪಟೆ ತಟ್ಟೆ, ಹತ್ತಿ ತುಂಬಿ ಬಟ್ಟೆಯಲ್ಲಿ ಬಿಗಿದ ಮಸಿಗಂಟು.

ಕಲ್ಲನ್ನು ಬರೀ ನೀರು, ಮೃದು ಬ್ರಷ್‌ನಿಂದ ತೊಳೆಯಿರಿ. ತಂತಿ ಬ್ರಷ್, ಆ್ಯಸಿಡ್, ಸೋಪಿನ ಪುಡಿ ಹತ್ತಿರವೂ ಬರಕೂಡದು. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವುದೂ ಬೇಡ. ತುಂಬಿದವರು ತಾವು ಊಹಿಸಿದ ಅಕ್ಷರವನ್ನೇ ಬರೆದಿರುತ್ತಾರೆ.

ಬರಹಕ್ಕಿಂತ ಸುತ್ತಲೂ 2 ಇಂಚು ದೊಡ್ಡದಾಗಿ ಕತ್ತರಿಸಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒದ್ದೆ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿಗುಳ್ಳೆ ಹೊರದೂಡಿ. ಆಮೇಲೆ ಗಟ್ಟಿ ಬ್ರಷ್ ನೇರ ಹಿಡಿದು ಬಡಿಯಿರಿ; ಕಾಗದ ಅಕ್ಷರದ ಕುಳಿಯೊಳಗೆ ಇಳಿಯಬೇಕು. ಓರೆಯಾಗಿ ಬಡಿದರೆ ಹರಿಯುತ್ತದೆ. ಹರಿದಲ್ಲಿ ಒದ್ದೆ ತುಂಡೊಂದನ್ನು ಇಟ್ಟು ಮತ್ತೆ ಬಡಿದರೆ ಕೂರುತ್ತದೆ.

ಕೆಡುವುದು ಹೆಚ್ಚಾಗಿ ಇದರ ನಂತರ. ಕಾಗದದ ಮೇಲಿನ ನೀರಿನ ಹೊಳಪು ಪೂರ್ತಿ ಹೋಗಿ, ಬೆರಳಿಗೆ ಇನ್ನೂ ತಂಪು ಹತ್ತುವಾಗ ಮಸಿ ಹಚ್ಚಬೇಕು. ಅವಸರ ಮಾಡಿದರೆ ಮಸಿ ಹರಡಿ ಅಕ್ಷರದೊಳಗೆ ಇಳಿಯುತ್ತದೆ, ತಡಮಾಡಿದರೆ ಅಂಚು ಏಳುತ್ತದೆ. ಕರಾವಳಿಯಲ್ಲಿ ಮಧ್ಯಾಹ್ನ ಕಡಲ ಗಾಳಿ ಬೀಸತೊಡಗಿದರೆ ಅಂಚು ಬೇಗ ಏಳುವುದರಿಂದ ಬೆಳಿಗ್ಗೆಯೇ ಕೆಲಸ ಮುಗಿಸಿ. ಮಸಿಗಂಟನ್ನು ರದ್ದಿ ಕಾಗದಕ್ಕೆ ಒತ್ತಿ ಹೆಚ್ಚಿನ ಮಸಿ ತೆಗೆದು, ಹಗುರವಾಗಿ ತಟ್ಟುತ್ತ ಎರಡು ಮೂರು ಸುತ್ತು ಹೋಗಿ. ಉಜ್ಜಬೇಡಿ. ಮಸಿ ಮೇಲ್ಮೈಗಷ್ಟೇ ತಾಗಿ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗುತ್ತ ಬಂದಾಗ ಒಂದು ಮೂಲೆಯಿಂದ ಮೆಲ್ಲಗೆ ಬಿಡಿಸಿ, ನೆರಳಲ್ಲಿ ಹಾಸಿ. ಊರು, ಕಲ್ಲಿನ ಜಾಗ, ಅಳತೆ, ಸಾಲುಗಳ ಸಂಖ್ಯೆ, ದಿನಾಂಕವನ್ನು ಹಿಂಬದಿಗೆ ಪೆನ್ಸಿಲಿನಲ್ಲಿ ಅಲ್ಲೇ ಬರೆಯಿರಿ.

ಕಾಲ ಲೆಕ್ಕ

ಎರಡನೇ ದಿನ ಮಧ್ಯಾಹ್ನ ಓದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಎಂದು ಎಲ್ಲರಿಗೂ ಗೊತ್ತು. ಸಂವತ್ಸರದೊಂದಿಗೆ ತಾಳೆ ನೋಡುವವರು ಕಡಿಮೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ; ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಕ್ಷಯ. ಶಕ 1474 ಎಂದಿದ್ದರೆ 1486, ಶೇಷ 46, ಪರಿಧಾವಿ, ಅಂದರೆ ಕ್ರಿ.ಶ. 1552-53. ಕಲ್ಲಿನಲ್ಲಿ ವಿರೋಧಿಕೃತು ಎಂದಿದ್ದರೆ ಓದು ತಪ್ಪೆಂದು ಅವಸರಿಸಬೇಡಿ. ಕೆಲವರು ಮುಗಿದ ವರ್ಷದ ಬದಲು ನಡೆಯುತ್ತಿರುವ ವರ್ಷ ಎಣಿಸಿದ್ದಾರೆ, ಒಂದು ವರ್ಷದ ವ್ಯತ್ಯಾಸ ಸಹಜ. ನಾಲ್ಕೈದು ವರ್ಷ ತಪ್ಪಿದರೆ ಅಂಕಿಯನ್ನು ಮತ್ತೆ ನೋಡಿ. ಮಾಘ, ಫಾಲ್ಗುಣದ ತಿಥಿಯಾದರೆ ಕೂಡಿಸಬೇಕಾದ್ದು 79.

ಅಚ್ಚಾದ ಪಾಠವನ್ನು ತಂಡಗಳು ತಮ್ಮ ಓದು ಬರೆದು ಮುಗಿಸಿದ ಮೇಲಷ್ಟೇ ಕೊಡಿ. ವ್ಯತ್ಯಾಸ ಕಂಡ ಸಾಲಿಗೆ ಸಂಜೆ ಮತ್ತೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಪಡಿಯಚ್ಚುಗಳನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿ ನುಸಿಗುಳಿಗೆ ಹಾಕಿ ಇಡಿ. ಜೂನ್‌ಗೆ ಮೊದಲು ಸ್ಕ್ಯಾನ್ ಆಗಿರಲಿ. ಒಂದು ಪ್ರತಿ, ಕನ್ನಡದಲ್ಲಿ ಬರೆದ ಅರ್ಥದೊಂದಿಗೆ, ಕಲ್ಲಿರುವ ಜಾಗದವರಿಗೆ ತಲುಪಬೇಕು.