ಉಚಿತ ಎಸ್‌ಕ್ಯುಎಲ್ ಟೂಲ್‌ಗಳನ್ನು ನಾನು ಆರಿಸಿಕೊಂಡ ಬಗೆ

ಉಚಿತ ಟೂಲ್ ಕಲಿಯುವವರಿಗೆ ಸಾಕು, ನಿಜವಾದ ಡೇಟಾಬೇಸ್‌ಗೆ ಲೈಸೆನ್ಸ್ ಕೊಳ್ಳಲೇಬೇಕು ಎಂದು ಜತೆಯಲ್ಲಿ ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು. ಈಗ ನಮ್ಮ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲೈಟ್ ಮೂರೂ ಡೇಟಾಬೇಸ್‌ಗಳು ಉಚಿತ ಟೂಲ್‌ಗಳಲ್ಲೇ ನಡೆಯುತ್ತಿವೆ. ಟೇಬಲ್ ವಿನ್ಯಾಸದಿಂದ ಹಿಡಿದು ಬ್ಯಾಕಪ್‌ನಿಂದ ಡೇಟಾ ಮರಳಿ ತರುವ ರಿಸ್ಟೋರ್‌ವರೆಗೆ ಯಾವುದಕ್ಕೂ ಹೊರಗೆ ದುಡ್ಡು ಕೊಟ್ಟಿಲ್ಲ. ಅಂದು ಬೇಡ ಎಂದವರೇ ಈಗ ನನ್ನ ಕನೆಕ್ಷನ್ ಫೈಲ್ ಕೇಳಿ ಪಡೆಯುತ್ತಾರೆ.

ಆರಿಸಿದ ರೀತಿ ಸರಳ. ಟೂಲ್‌ನ ಅಂದಚೆಂದ ನೋಡಲಿಲ್ಲ, ಬಟನ್ ಒತ್ತಿದಾಗ ಅದು ಸರ್ವರ್‌ಗೆ ಕಳಿಸುವ ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ನೋಡಿದೆ. ಕಳಿಸುವ ಮೊದಲೇ ಆ ಸಾಲುಗಳನ್ನು ತೋರಿಸದ ಟೂಲ್ ಎಷ್ಟೇ ಚೆನ್ನಾಗಿದ್ದರೂ ವಿನ್ಯಾಸದ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಇದಕ್ಕೆಂದೇ ಒಂದು ಪರೀಕ್ಷಾ ಡೇಟಾಬೇಸ್ ಇಟ್ಟಿದ್ದೇನೆ. ಗ್ರಾಹಕ, ಆರ್ಡರ್, ಆರ್ಡರ್ ವಿವರ ಎಂದು ಮೂರು ಟೇಬಲ್, ಕೊನೆಯದರಲ್ಲಿ ಸುಮಾರು ಐದು ಲಕ್ಷ ಸಾಲು. ಇದರಲ್ಲಿ ಬೇಕೆಂದೇ ಕೆಲವು ತೊಡಕು ಸೇರಿಸಿದ್ದೇನೆ. ಫೋನ್ ಕಾಲಂಗೆ ನಾಟ್ ನಲ್ (ಖಾಲಿ ಬಿಡುವಂತಿಲ್ಲ ಎಂಬ ನಿಯಮ), ಡೀಫಾಲ್ಟ್ (ಏನೂ ಕೊಡದಿದ್ದರೆ ಬರುವ ಮೌಲ್ಯ), ಕಾಮೆಂಟ್ ಮೂರೂ ಇವೆ. ಪ್ರಮಾಣದ ಕಾಲಂನಲ್ಲಿ ಅಂಕಿಗಳೆಲ್ಲ ಪಠ್ಯವಾಗಿ ಕೂತಿವೆ. ವಿವರದ ಟೇಬಲ್‌ನಲ್ಲಿ ಆರ್ಡರ್ ಇಲ್ಲದ ಅನಾಥ ಸಾಲುಗಳು ಒಂದಷ್ಟಿವೆ. ಯಾವ ಹೊಸ ಟೂಲ್ ಬಂದರೂ ಇದೇ ಡೇಟಾಬೇಸ್‌ನಲ್ಲಿ ಇವೇ ಕೆಲಸ ಮಾಡಿಸುತ್ತೇನೆ: ಕಾಲಂ ಹಿಗ್ಗಿಸುವುದು, ಹೆಸರು ಬದಲಿಸುವುದು, ಪಠ್ಯವನ್ನು ಪೂರ್ಣಾಂಕ ಮಾಡುವುದು, ಫಾರಿನ್ ಕೀ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ಇರಲೇಬೇಕೆಂಬ ಕಟ್ಟು) ಹಾಕುವುದು, ದೊಡ್ಡ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಠ್ಯ ಫೈಲ್) ತುಂಬುವುದು, ಬ್ಯಾಕಪ್ ತೆಗೆದು ಇನ್ನೊಂದು ಸರ್ವರ್‌ನಲ್ಲಿ ಎಬ್ಬಿಸುವುದು.

ಮೊದಲನೆಯ ಕೆಲಸದಲ್ಲೇ, ಅಂದರೆ ಕಾಲಂ ಹಿಗ್ಗಿಸುವಾಗಲೇ, ಟೂಲ್‌ನ ಅರ್ಧ ಬಂಡವಾಳ ಹೊರಬೀಳುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಕಾಲಂ ತಿದ್ದುವ ಮಾಡಿಫೈ ಕಾಲಂ ಆಜ್ಞೆ ಬರೆಯುವಾಗ ಹಳೆಯ ಗುಣಗಳನ್ನೆಲ್ಲ ಮತ್ತೆ ಹೇಳಬೇಕು. ಫೋನ್ ಕಾಲಂ ಅನ್ನು 15 ಅಕ್ಷರದಿಂದ 20ಕ್ಕೆ ಏರಿಸುವ ಸಾಲಿನಲ್ಲಿ ನಾಟ್ ನಲ್ ಬಿಟ್ಟುಹೋದರೆ ಆ ಕಾಲಂ ಸದ್ದಿಲ್ಲದೆ ನಲ್ ಒಪ್ಪಿಕೊಳ್ಳತೊಡಗುತ್ತದೆ. ಡೀಫಾಲ್ಟ್ ಮತ್ತು ಕಾಮೆಂಟ್ ಸಹ ಹೋಗುತ್ತವೆ. ಯಾವ ದೋಷವೂ ಬರುವುದಿಲ್ಲ, ತಿಂಗಳುಗಳ ನಂತರ ವರದಿಯಲ್ಲಿ ಖಾಲಿ ಜಾಗ ಕಂಡಾಗಲೇ ಗೊತ್ತಾಗುವುದು. ಆದ್ದರಿಂದ ಪ್ರಿವ್ಯೂ ತೆರೆದು ಮೂರೂ ಗುಣಗಳು ಮರಳಿ ಬಂದಿವೆಯೇ ಎಂದು ಕಣ್ಣಾರೆ ನೋಡುತ್ತೇನೆ. ಹೈಡಿಎಸ್‌ಕ್ಯುಎಲ್ ಎಂಬ ಟೂಲ್‌ನ ಟೇಬಲ್ ಎಡಿಟರ್‌ನಲ್ಲಿ ಆಲ್ಟರ್ ಕೋಡ್ ಎಂಬ ಟ್ಯಾಬ್ ಇದೆ, ಸೇವ್ ಒತ್ತುವ ಮೊದಲು ಅದನ್ನೊಮ್ಮೆ ಓದಿದರೆ ಸಾಕು. ಮೈಎಸ್‌ಕ್ಯುಎಲ್‌ನದೇ ಟೂಲ್ ಆದ ವರ್ಕ್‌ಬೆಂಚ್ ಅಪ್ಲೈ ಒತ್ತಿದ ಮೇಲೆ ಸ್ಕ್ರಿಪ್ಟ್ ತೋರಿಸಿ ಇನ್ನೊಮ್ಮೆ ಒಪ್ಪಿಗೆ ಕೇಳುತ್ತದೆ. ಹಲವು ಡೇಟಾಬೇಸ್‌ಗಳಿಗೆ ಆಗುವ ಡಿಬೀವರ್ ಸಹ ಹಾಗೆಯೇ.

ಹೆಸರು ಬದಲಿಸುವಾಗ ನೋಡಬೇಕಾದ್ದು ಒಂದೇ: ಪ್ರಿವ್ಯೂನಲ್ಲಿ ಡ್ರಾಪ್ ಕಾಲಂ, ಆಡ್ ಕಾಲಂ ಜೋಡಿ ಕಂಡರೆ ಅಲ್ಲೇ ನಿಲ್ಲಿಸಿ. ಹೊಸ ಕಾಲಂ ಬರುತ್ತದೆ, ಹಳೆಯದರ ಡೇಟಾ ಹೋಗುತ್ತದೆ. ಮಾದರಿಯನ್ನೂ ಡೇಟಾಬೇಸ್ ಅನ್ನೂ ಹೋಲಿಸಿ ವ್ಯತ್ಯಾಸ ಬರೆಯುವ ಯಾವ ಟೂಲ್‌ನಲ್ಲಾದರೂ ಈ ಅಪಾಯ ಇದ್ದೇ ಇದೆ, ಏಕೆಂದರೆ ಎರಡೂ ಹೆಸರು ಒಂದೇ ಕಾಲಂನದ್ದು ಎಂಬ ಸುಳಿವು ಅದಕ್ಕೆ ಸಿಗದೆ ಹೋಗಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಆಲ್ಟರ್ (ಟೇಬಲ್ ರಚನೆ ಬದಲಿಸುವ ಆಜ್ಞೆ) ತಾನಾಗಿಯೇ ಕಮಿಟ್ ಆಗಿ ಖಾಯಂ ಆಗುವುದರಿಂದ ರೋಲ್‌ಬ್ಯಾಕ್ ಮಾಡಿ ಹಿಂದಕ್ಕೆ ತರಲೂ ದಾರಿಯಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಕೂಡ ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಯುವ ಅಥವಾ ಒಟ್ಟಾಗಿ ರದ್ದಾಗುವ ಆಜ್ಞೆಗಳ ಗುಂಪು) ಒಳಗೆ ನಡೆಯುತ್ತದೆ, ಬಿಗಿನ್ ಹಾಕಿ ಮಾಡಿದರೆ ಹಿಂದಕ್ಕೆ ತರಬಹುದು. ಪೋಸ್ಟ್‌ಗ್ರೆಸ್‌ನ ಈ ಗುಣ ನನಗೆ ಬಹಳ ಹಿಡಿಸಿದ್ದು.

ಪಠ್ಯವನ್ನು ಪೂರ್ಣಾಂಕ ಮಾಡುವಾಗ ಪೋಸ್ಟ್‌ಗ್ರೆಸ್ ತಾನಾಗಿ ಬದಲಿಸಲು ಒಪ್ಪದು, ಹೇಗೆ ಬದಲಿಸಬೇಕೆಂದು ಹೇಳುವ ಯೂಸಿಂಗ್ ಭಾಗ ಕೊಡಲೇಬೇಕು. ಡೈಲಾಗ್ ಬಾಕ್ಸ್‌ನಲ್ಲಿ ಟೈಪ್ ಬದಲಿಸಿ ಸೇವ್ ಒತ್ತಿ ದೋಷ ಕಂಡು ಕೈಬಿಟ್ಟವರನ್ನು ನೋಡಿದ್ದೇನೆ. ಟೂಲ್ ಬರೆದ ಆಲ್ಟರ್ ಸಾಲನ್ನು ಕಾಪಿ ಮಾಡಿ, ಕೊನೆಗೆ ಯೂಸಿಂಗ್ ಸೇರಿಸಿ, ಕ್ವೆರಿ ಕಿಟಕಿಯಲ್ಲಿ ನಡೆಸಿದರೆ ಆಯಿತು. ಅನಾಥ ಸಾಲುಗಳ ಮೇಲೆ ಫಾರಿನ್ ಕೀ ಹಾಕಿದಾಗ ಮೈಎಸ್‌ಕ್ಯುಎಲ್ 1452 ಎಂಬ ದೋಷ ಕೊಡುತ್ತದೆ. ಆ ಸಂದೇಶವನ್ನು ಇದ್ದ ಹಾಗೆ ತೋರಿಸುವ ಟೂಲ್ ಬೇಕು. ‘ಏನೋ ತಪ್ಪಾಗಿದೆ’ ಎಂದಷ್ಟೇ ಹೇಳುವ ಟೂಲ್ ನನಗೆ ಬೇಡ.

ಪೋಸ್ಟ್‌ಗ್ರೆಸ್‌ನ ಟೂಲ್ ಆದ ಪಿಜಿಅಡ್ಮಿನ್‌ನಲ್ಲಿ ಹೊಸಬರು ಸಿಕ್ಕಿಬೀಳುವುದು ದೊಡ್ಡಕ್ಷರದಲ್ಲಿ. ಡೈಲಾಗ್‌ನಲ್ಲಿ ಟೇಬಲ್ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಿಂದ ಶುರುಮಾಡಿದರೆ ಅದು ಹೆಸರಿಗೆ ಎರಡು ಉದ್ಧರಣ ಚಿಹ್ನೆ ಹಾಕಿ ಹಾಗೆಯೇ ಉಳಿಸುತ್ತದೆ. ಆಮೇಲೆ ಚಿಹ್ನೆ ಇಲ್ಲದೆ ಸೆಲೆಕ್ಟ್ ಬರೆದರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಚಿಕ್ಕಕ್ಷರ ಮಾಡಿಕೊಂಡು ಹುಡುಕಿ, ಅಂಥ ಟೇಬಲ್ ಇಲ್ಲ ಎನ್ನುತ್ತದೆ. ಹೆಸರೆಲ್ಲ ಚಿಕ್ಕಕ್ಷರ, ನಡುವೆ ಅಡಿಗೆರೆ, ಅದರಾಚೆ ಹೋಗಬೇಡಿ.

ಈ ಪರೀಕ್ಷೆಗಳ ನಂತರ ಉಳಿದದ್ದು ಹೀಗೆ. ದಿನದ ಕ್ವೆರಿ ಕೆಲಸಕ್ಕೆ ಡಿಬೀವರ್‌ನ ಕಮ್ಯುನಿಟಿ ಆವೃತ್ತಿ. ಮೈಎಸ್‌ಕ್ಯುಎಲ್ ಚಿತ್ರವಿನ್ಯಾಸಕ್ಕೆ ವರ್ಕ್‌ಬೆಂಚ್. ವಿಂಡೋಸ್‌ನಲ್ಲಿ ಚುರುಕಾಗಿ ಟೇಬಲ್ ತಿದ್ದಲು ಹೈಡಿಎಸ್‌ಕ್ಯುಎಲ್. ಪೋಸ್ಟ್‌ಗ್ರೆಸ್‌ನ ಬಳಕೆದಾರರು, ಹಕ್ಕುಗಳು, ಬ್ಯಾಕಪ್‌ಗೆ ಪಿಜಿಅಡ್ಮಿನ್. ಎಸ್‌ಕ್ಯುಎಲೈಟ್ ಫೈಲ್‌ಗಳಿಗೆ ಡಿಬಿ ಬ್ರೌಸರ್. ಒಂದೇ ಟೂಲ್‌ನಲ್ಲಿ ಎಲ್ಲ ಮಾಡುವ ಹಟ ಬಿಟ್ಟದ್ದರಿಂದಲೇ ಉಚಿತ ದಾರಿ ಸಾಧ್ಯವಾಯಿತು. ದುಬಾರಿ ಟೂಲ್‌ಗೆ ದುಡ್ಡು ಹೋಗುವುದು ಮುಖ್ಯವಾಗಿ ಎಲ್ಲವೂ ಒಂದೇ ಕಿಟಕಿಯಲ್ಲಿ ಸಿಗಲಿ ಎಂಬುದಕ್ಕೆ.

ಡಿಬೀವರ್ ಹಾಕಿದ ಕೂಡಲೇ ಮಾಡುವ ಕೆಲವು ಹೊಂದಿಕೆಗಳಿವೆ. ಮೊದಲ ಸಲ ಕನೆಕ್ಟ್ ಆಗುವಾಗ ಅದು ಡೇಟಾಬೇಸ್ ಜತೆ ಮಾತಾಡಲು ಬೇಕಾದ ಜೆಡಿಬಿಸಿ ಡ್ರೈವರ್ ಇಳಿಸಿಕೊಳ್ಳುತ್ತದೆ; ಇಂಟರ್ನೆಟ್ ಇಲ್ಲದ ಯಂತ್ರದಲ್ಲಿ ಅದರ ಜಾರ್ ಫೈಲ್ ಅನ್ನು ಕೈಯಾರೆ ಸೇರಿಸಬೇಕು. ಮೈಎಸ್‌ಕ್ಯುಎಲ್ 8ಕ್ಕೆ ಹೋದಾಗ ಪಬ್ಲಿಕ್ ಕೀ ರಿಟ್ರೀವಲ್ ಅನುಮತಿ ಇಲ್ಲ ಎಂಬ ದೋಷ ಬಂದರೆ ಪಾಸ್‌ವರ್ಡ್ ತಪ್ಪೆಂದು ತಲೆಕೆಡಿಸಿಕೊಳ್ಳಬೇಡಿ. 8ರಲ್ಲಿ ಲಾಗಿನ್ ವಿಧಾನ ಬದಲಾಗಿದೆ. ಡ್ರೈವರ್ ಪ್ರಾಪರ್ಟೀಸ್‌ನಲ್ಲಿ ಅಲೌ ಪಬ್ಲಿಕ್ ಕೀ ರಿಟ್ರೀವಲ್ ಎಂಬುದನ್ನು ಟ್ರೂ ಮಾಡಿ. ಹೊರಗಿನ ನೆಟ್‌ವರ್ಕ್‌ನಲ್ಲಾದರೆ ಹೀಗೆ ಮಾಡದೆ ಟಿಎಲ್‌ಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕ) ಹಾಕುವುದೇ ಸರಿ.

ಅದಕ್ಕಿಂತ ಮುಖ್ಯವಾದದ್ದು ಕನೆಕ್ಷನ್ ಟೈಪ್. ಪ್ರೊಡಕ್ಷನ್ (ನಿಜವಾದ ಬಳಕೆಯ ಸರ್ವರ್) ಎಂದು ಗುರುತು ಮಾಡಿದರೆ ಎಡಿಟರ್ ಬಣ್ಣವೇ ಬದಲಾಗುತ್ತದೆ, ಯಾವ ಸರ್ವರ್‌ನಲ್ಲಿದ್ದೇವೆ ಎಂಬುದು ಒಂದು ನೋಟಕ್ಕೇ ತಿಳಿಯುತ್ತದೆ. ಜತೆಗೆ ಮ್ಯಾನ್ಯುಯಲ್ ಕಮಿಟ್ ಹಾಕಿದ್ದೇನೆ. ಆದರೆ ಇದಕ್ಕೆ ಬೆಲೆಯೂ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸೆಲೆಕ್ಟ್ ನಡೆಸಿ ಕಮಿಟ್ ಮಾಡದೆ ಎದ್ದುಹೋದರೆ ಆ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ. ಅದೇ ಟೇಬಲ್ ಮೇಲೆ ಇನ್ನೊಬ್ಬರು ಆಲ್ಟರ್ ಕೊಟ್ಟರೆ ಅದು ಕಾಯುತ್ತದೆ, ಅದರ ಹಿಂದೆ ಬಂದ ಮಾಮೂಲಿ ಸೆಲೆಕ್ಟ್‌ಗಳೂ ಸಾಲುಗಟ್ಟಿ ನಿಲ್ಲುತ್ತವೆ. ಸರ್ವರ್ ಸತ್ತಿತು ಎಂದು ಎಲ್ಲರೂ ಅಂದುಕೊಳ್ಳುವುದು ಆಗ. ಚಾಲ್ತಿ ಕನೆಕ್ಷನ್‌ಗಳ ಪಟ್ಟಿಯಾದ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಕೂತಿರುವುದೇ ಅಪರಾಧಿ. ಇದಕ್ಕೆಂದು ಸರ್ವರ್‌ನಲ್ಲೇ ಒಂದು ಟೈಮ್‌ಔಟ್ ಹೊಂದಿಕೆ ಇದೆ, ಹತ್ತು ನಿಮಿಷಕ್ಕೆ ಇಟ್ಟಿದ್ದೇನೆ. ಮೈಎಸ್‌ಕ್ಯುಎಲ್‌ನಲ್ಲೂ ಇದೇ ಕಥೆ, ಅಲ್ಲಿ ಮೆಟಾಡೇಟಾ ಲಾಕ್‌ಗೆ ಕಾಯುತ್ತಿದೆ ಎಂದು ಪ್ರೋಸೆಸ್ ಪಟ್ಟಿಯಲ್ಲಿ ಕಾಣುತ್ತದೆ.

ಬಣ್ಣ, ಬೀಗ ಎಷ್ಟಿದ್ದರೂ ಟೂಲ್ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಪ್ರೊಡಕ್ಷನ್‌ಗೆ ಎರಡು ಲಾಗಿನ್: ಒಂದಕ್ಕೆ ಸೆಲೆಕ್ಟ್ ಹಕ್ಕು ಮಾತ್ರ, ಇನ್ನೊಂದು ತಿದ್ದಲು. ದಿನವೂ ತೆರೆಯುವುದು ಮೊದಲನೆಯದನ್ನೇ.

ಟೂಲ್‌ನ ಫಲಿತಾಂಶ ಗ್ರಿಡ್‌ನಲ್ಲಿ ಕಂಡದ್ದೇ ಪೂರ್ತಿ ಡೇಟಾ ಎಂದು ನಂಬಿ ವರದಿ ಕಳಿಸಿದವರು ಬಹಳ ಜನ. ವರ್ಕ್‌ಬೆಂಚ್ ಮೊದಲ 1000 ಸಾಲಿಗೆ ಮಿತಿ ಹಾಕಿಯೇ ಬರುತ್ತದೆ, ಅದರ ಗ್ರಿಡ್‌ನಿಂದ ಎಕ್ಸ್‌ಪೋರ್ಟ್ ಮಾಡಿದರೆ ಫೈಲ್‌ನಲ್ಲೂ 1000 ಸಾಲೇ. ಡಿಬೀವರ್ ಮೊದಲಿಗೆ ತರುವುದು 200 ಸಾಲು. ಎಕ್ಸ್‌ಪೋರ್ಟ್ ಆದ ಮೇಲೆ ಫೈಲ್‌ನ ಸಾಲುಗಳನ್ನೂ ಕೌಂಟ್ ಉತ್ತರವನ್ನೂ ತಾಳೆ ನೋಡದೆ ನಾನು ಯಾರಿಗೂ ಕೊಡುವುದಿಲ್ಲ. ವರ್ಕ್‌ಬೆಂಚ್‌ನಲ್ಲಿ ಬದಲಿಸಲೇಬೇಕಾದ ಇನ್ನೊಂದು ಹೊಂದಿಕೆ ರೀಡ್ ಟೈಮ್‌ಔಟ್. 30 ಸೆಕೆಂಡ್ ಮೀರಿದ ಕ್ವೆರಿ 2013 ದೋಷದೊಂದಿಗೆ ಕಡಿದುಹೋಗುತ್ತದೆ, ಪ್ರಿಫರೆನ್ಸಸ್‌ನಲ್ಲಿ ಅದನ್ನು 600 ಮಾಡಿ. 1175 ದೋಷ ಬಂದರೆ ಮಾತ್ರ ಸಿಟ್ಟಾಗಬೇಡಿ. ಕೀ ಕಾಲಂ ಮೇಲೆ ವೇರ್ ಷರತ್ತು ಇಲ್ಲದ ಅಪ್‌ಡೇಟ್, ಡಿಲೀಟ್‌ಗಳನ್ನು ತಡೆಯುವ ಸೇಫ್ ಅಪ್‌ಡೇಟ್ ಅದು. ನಾನು ಅದನ್ನು ಆಫ್ ಮಾಡುವುದೇ ಇಲ್ಲ.

ಐದು ಲಕ್ಷ ಸಾಲಿನ ಸಿಎಸ್‌ವಿ ತುಂಬುವ ಪರೀಕ್ಷೆಯಲ್ಲಿ ಚಿತ್ರಾತ್ಮಕ ವಿಝಾರ್ಡ್‌ಗಳಲ್ಲಿ ಹಲವು ತೆವಳಿದವು. ಅವು ಸಾಲಿಗೊಂದು ಇನ್ಸರ್ಟ್ ಕಳಿಸುವುದೇ ಕಾರಣ. ಒಂದರಲ್ಲಿ ಗಂಟೆಯ ಹತ್ತಿರ ಹಿಡಿಯಿತು. ಅದೇ ಫೈಲ್ ಮೈಎಸ್‌ಕ್ಯುಎಲ್‌ನ ಲೋಡ್ ಡೇಟಾ ಆಜ್ಞೆಯ ಮೂಲಕ ಅರ್ಧ ನಿಮಿಷದೊಳಗೆ ಒಳಗಾಯಿತು, ಪೋಸ್ಟ್‌ಗ್ರೆಸ್‌ನ ಕಾಪಿ ಕೂಡ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಟೇಬಲ್ ರಚನೆಗಷ್ಟೇ ಟೂಲ್ ಬಳಸಿ, ತುಂಬುವುದನ್ನು ಆಜ್ಞೆಗೆ ಬಿಡಿ. ವಿಝಾರ್ಡ್‌ನಲ್ಲೇ ಮಾಡಬೇಕಿದ್ದರೆ ಆಟೋ ಕಮಿಟ್ ಆಫ್ ಮಾಡಿ, ಕೆಲವು ಸಾವಿರ ಸಾಲಿಗೊಮ್ಮೆ ಕಮಿಟ್ ಆಗುವಂತೆ ಇಡಿ.

ಬ್ಯಾಕಪ್ ವಿಷಯದಲ್ಲಿ ಈ ಟೂಲ್‌ಗಳು ಬರೀ ಮುಖ, ಒಳಗೆ ದುಡಿಯುವುದು ಮೈಎಸ್‌ಕ್ಯುಎಲ್‌ಡಂಪ್ ಮತ್ತು ಪಿಜಿಡಂಪ್ ಎಂಬ ಆಜ್ಞೆಗಳು. ಅರ್ಧಕ್ಕರ್ಧ ತೊಂದರೆ ಆವೃತ್ತಿಯದ್ದು. ಪಿಜಿಡಂಪ್ ತನಗಿಂತ ಹೊಸ ಸರ್ವರ್‌ನ ಬ್ಯಾಕಪ್ ತೆಗೆಯುವುದಿಲ್ಲ, ಆವೃತ್ತಿ ಹೊಂದುತ್ತಿಲ್ಲ ಎಂದು ನಿಲ್ಲಿಸಿಬಿಡುತ್ತದೆ. ಹಳೆಯ ಸರ್ವರ್‌ನದಾದರೆ ಸಲೀಸಾಗಿ ತೆಗೆಯುತ್ತದೆ. ಹಾಗಾಗಿ ಇರುವುದರಲ್ಲೇ ಹೊಸ ಆವೃತ್ತಿ ಹಾಕಿ, ಪಿಜಿಅಡ್ಮಿನ್‌ನ ಬೈನರಿ ಪಾತ್‌ನಲ್ಲಿ ಅದರ ಫೋಲ್ಡರ್ ತೋರಿಸಿ. ಮೈಎಸ್‌ಕ್ಯುಎಲ್‌ನಲ್ಲಿ ತಿರುವುಮುರುವು: 8ರ ಮೈಎಸ್‌ಕ್ಯುಎಲ್‌ಡಂಪ್‌ನಿಂದ 5.7 ಸರ್ವರ್‌ನ ಬ್ಯಾಕಪ್ ತೆಗೆಯಲು ಹೋದರೆ ಕಾಲಂ ಸ್ಟ್ಯಾಟಿಸ್ಟಿಕ್ಸ್ ಎಂಬ ಟೇಬಲ್ ಇಲ್ಲ ಎಂದು 1109 ದೋಷ ಬರುತ್ತದೆ, ಆ ಆಯ್ಕೆಗೆ 0 ಕೊಟ್ಟರೆ ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್‌ನ ಪ್ಲೇನ್ (ಬರೀ ಎಸ್‌ಕ್ಯುಎಲ್ ಪಠ್ಯದ) ಮಾದರಿಯ ಫೈಲ್ ಪಿಜಿರಿಸ್ಟೋರ್ ಆಜ್ಞೆಗೆ ಹಿಡಿಸದು, ಪಿಎಸ್‌ಕ್ಯುಎಲ್ ಆಜ್ಞೆಯಿಂದಲೇ ಓಡಿಸಬೇಕು. ನಾನು ಕಸ್ಟಮ್ ಮಾದರಿಯನ್ನೇ ತೆಗೆಯುತ್ತೇನೆ, ಒಂದೇ ಟೇಬಲ್ ಬೇಕಾದಾಗ ಅದನ್ನಷ್ಟೇ ಎತ್ತಿಕೊಳ್ಳಬಹುದು.

ದುಡ್ಡಿನ ಲೆಕ್ಕಕ್ಕೆ ಬರೋಣ. ಪಾವತಿ ಟೂಲ್‌ಗಳ ದರ ಸಾಮಾನ್ಯವಾಗಿ ತಲೆಗಿಷ್ಟು, ವರ್ಷಕ್ಕಿಷ್ಟು. ನಮ್ಮಲ್ಲಿ ಎಲ್ಲರಿಗೂ ಕೊಳ್ಳುವ ಮಾತಿತ್ತು, ಆದರೆ ಕೊಳ್ಳಬೇಕೆಂದ ಸೌಲಭ್ಯಗಳನ್ನು ನಿಜಕ್ಕೂ ಮುಟ್ಟುತ್ತಿದ್ದವರು ಇಬ್ಬರೋ ಮೂವರೋ. ಆ ಮೊತ್ತದಲ್ಲಿ ರಿಸ್ಟೋರ್ ಪರೀಕ್ಷೆಗೆಂದೇ ಒಂದು ಪುಟ್ಟ ಸರ್ವರ್ ಬಂತು, ಇನ್ನೂ ಒಂದಷ್ಟು ಉಳಿಯಿತು. ಲೈಸೆನ್ಸ್ ಪಠ್ಯವನ್ನು ಮಾತ್ರ ಓದಿಯೇ ಹಾಕಿ. ಡಿಬೀವರ್ ಕಮ್ಯುನಿಟಿ ಅಪಾಚೆ 2.0ರಲ್ಲಿದೆ, ಹೈಡಿಎಸ್‌ಕ್ಯುಎಲ್ ಮತ್ತು ವರ್ಕ್‌ಬೆಂಚ್ ಜಿಪಿಎಲ್‌ನಲ್ಲಿ (ಬದಲಿಸಿ ಹಂಚಿದರೆ ಮೂಲ ಕೋಡ್ ಸಹ ಕೊಡಬೇಕೆನ್ನುವ ಲೈಸೆನ್ಸ್), ಪಿಜಿಅಡ್ಮಿನ್ ಪೋಸ್ಟ್‌ಗ್ರೆಸ್‌ನದೇ ಲೈಸೆನ್ಸ್‌ನಲ್ಲಿ. ಕಚೇರಿ ಕೆಲಸಕ್ಕೆ ಬಳಸಲು ಯಾವುದಕ್ಕೂ ಅಡ್ಡಿಯಿಲ್ಲ. ಜಿಪಿಎಲ್ ಟೂಲ್‌ನಲ್ಲಿ ಮಾಡಿದ ಡೇಟಾಬೇಸ್ ಜಿಪಿಎಲ್ ಆಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಉಚಿತ ಎಂದು ಬರೆದು ಕೆಳಗೆ ವಾಣಿಜ್ಯೇತರ ಬಳಕೆಗೆ ಮಾತ್ರ ಎಂದಿರುವವು ಬೇರೆ, ಅವನ್ನು ಪಟ್ಟಿಗೇ ಸೇರಿಸಲಿಲ್ಲ.

ನಡುವೆ ಕನ್ನಡ ಡೇಟಾದ ಮೇಲೆ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ‘ಸಾಫ್ಟ್‌ವೇರ್’ ಎಂದು ಹುಡುಕಿದರೆ ಕಣ್ಣೆದುರೇ ಇರುವ ಸಾಲು ಸಿಗುತ್ತಿರಲಿಲ್ಲ. ಗ್ರಿಡ್‌ನಲ್ಲಿ ಎಷ್ಟು ದಿಟ್ಟಿಸಿದರೂ ತಿಳಿಯದು. ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ನೋಡಿದಾಗ ಕಂಡದ್ದು ಇ2 80 8ಸಿ ಎಂಬ ಮೂರು ಬೈಟ್, ಒತ್ತಕ್ಷರ ಬಿಡಿಸುವ ಅದೃಶ್ಯ ಅಕ್ಷರ. ಕೆಲವರು ಅದನ್ನು ಹಾಕಿ ಟೈಪ್ ಮಾಡಿದ್ದರು, ಕೆಲವರು ಬಿಟ್ಟಿದ್ದರು. ಯುಟಿಎಫ್8ಎಂಬಿ4ರ ಜನರಲ್ ಸಿಐ ಕೊಲೇಷನ್‌ಗೆ (ಅಕ್ಷರಗಳನ್ನು ಹೋಲಿಸುವ ನಿಯಮಾವಳಿ) ಇಂಥ ಅಕ್ಷರವನ್ನು ಕಡೆಗಣಿಸಲು ಬಾರದು. ಮೈಎಸ್‌ಕ್ಯುಎಲ್ 8ರ 0900 ಎಐ ಸಿಐ ಕಡೆಗಣಿಸುತ್ತದೆ. ಕಾಲಂನ ಕೊಲೇಷನ್ ಬದಲಿಸಿದೆ, ಎರಡೂ ರೂಪ ಸಿಕ್ಕವು. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಎಕ್ಸ್‌ಪೋರ್ಟ್‌ನಲ್ಲಿ ಬಿಓಎಂ (ಫೈಲ್ ಯುನಿಕೋಡ್ ಎಂದು ತಿಳಿಸುವ ಆರಂಭದ ಗುರುತು) ಆಯ್ಕೆ ಹಾಕಿ ಕೊಡಿ, ಇಲ್ಲದಿದ್ದರೆ ಕನ್ನಡ ಚಿಂದಿಯಾಗುತ್ತದೆ. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅದು ಬೇರೆ ರೋಗ. ಹೆಕ್ಸ್‌ನಲ್ಲೂ 3ಎಫ್ ಕಂಡರೆ ಡೇಟಾ ತುಂಬುವಾಗಲೇ ಕಳೆದುಹೋಗಿದೆ, ಯಾವ ಟೂಲ್ ಕೂಡ ಮರಳಿ ತಾರದು.

ಟೂಲ್ ನಿಜಕ್ಕೂ ಏನು ಮಾಡಿತು ಎಂದು ತಿಳಿಯಲು ಬದಲಾವಣೆಗೆ ಮೊದಲು ಮತ್ತು ನಂತರ ರಚನೆಯ ಡಂಪ್ ಮಾತ್ರ ತೆಗೆದು ಎರಡನ್ನೂ ಹೋಲಿಸುವ ಸ್ಕ್ರಿಪ್ಟ್ ಒಂದಿದೆ. ಅದರಲ್ಲಿ ಗದ್ದಲದ ಸಾಲುಗಳನ್ನು ಸೋಸುವ ಭಾಗ ನನ್ನ ಬಳಿಯೇ ಇರಲಿ. ಉಳಿದದ್ದನ್ನು ಯಾರಾದರೂ ಒಂದು ಸಂಜೆಯಲ್ಲಿ ಬರೆದುಕೊಳ್ಳಬಹುದು. ಕನೆಕ್ಷನ್‌ಗಳನ್ನು ಹಂಚುವವರು ಡಿಬೀವರ್‌ನ ಡೇಟಾ ಸೋರ್ಸಸ್ ಫೈಲ್ ಮಾತ್ರ ಕೊಡಿ, ಪಾಸ್‌ವರ್ಡ್ ಇರುವ ಕ್ರೆಡೆನ್ಷಿಯಲ್ಸ್ ಫೈಲ್ ಅನ್ನು ಕೋಡ್ ಹಂಚುವ ಗಿಟ್‌ಗೆ ಸೇರಿಸಲೇಬೇಡಿ.

ವೆಬ್ ಟೂಲ್‌ಗಳ ಬಗ್ಗೆ ಎರಡು ಮಾತು. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಇಂಪೋರ್ಟ್ ನಿಂತರೆ ಅದು ಆ ಟೂಲ್ ಬರೆದ ಭಾಷೆಯಾದ ಪಿಎಚ್‌ಪಿಯ ಮೂಲ ಮಿತಿ: ಅಪ್‌ಲೋಡ್‌ಗೆ 2 ಎಂಬಿ, ಪೋಸ್ಟ್‌ಗೆ 8 ಎಂಬಿ. 8 ಎಂಬಿ ಮೀರಿದ ಫೈಲ್‌ಗೆ ಎರಡನ್ನೂ ಏರಿಸದೆ ಒಂದನ್ನೇ ಏರಿಸಿದರೆ ಪ್ರಯೋಜನವಿಲ್ಲ. ಅಡ್ಮಿನರ್ ಒಂದೇ ಪಿಎಚ್‌ಪಿ ಫೈಲ್, ತುರ್ತಿಗೆ ಅದರಷ್ಟು ಹಗುರವಾದದ್ದು ನಾನು ಕಂಡಿಲ್ಲ. ದೊಡ್ಡ ಡಂಪ್ ಅನ್ನು ಅಡ್ಮಿನರ್.ಎಸ್‌ಕ್ಯುಎಲ್ ಎಂಬ ಹೆಸರಲ್ಲಿ ಅದರ ಪಕ್ಕದಲ್ಲೇ ಇಟ್ಟರೆ ಅಪ್‌ಲೋಡ್ ಮಿತಿಯ ಗೊಡವೆಯಿಲ್ಲದೆ ಓಡಿಸುತ್ತದೆ. ಕೆಲಸ ಮುಗಿದ ಕ್ಷಣವೇ ಎರಡೂ ಫೈಲ್ ಅಳಿಸಿ. ಹಳೆಯ ಆವೃತ್ತಿಗಳಲ್ಲಿ ಸರ್ವರ್‌ನ ಫೈಲ್‌ಗಳನ್ನೇ ಓದಲು ಬಿಡುವ ದೋಷವಿತ್ತು, ಅಂಥ ಮರೆತುಹೋದ ಅಡ್ಮಿನರ್ ಫೈಲ್‌ಗಳನ್ನು ಹುಡುಕುತ್ತ ತಿರುಗುವ ಬಾಟ್‌ಗಳ ಗುರುತು ಇಂದಿಗೂ ಆಕ್ಸೆಸ್ ಲಾಗ್‌ನಲ್ಲಿ ಕಾಣುತ್ತದೆ.

ಡಿಬಿ ಬ್ರೌಸರ್‌ನಲ್ಲಿ ತಿದ್ದಿದ್ದು ರೈಟ್ ಚೇಂಜಸ್ ಒತ್ತುವವರೆಗೂ ಫೈಲ್‌ಗೆ ಸೇರುವುದಿಲ್ಲ. ಅಷ್ಟೂ ಹೊತ್ತು ಬೇರೆ ಪ್ರೋಗ್ರಾಂ ಬರೆಯಲು ಹೋದರೆ ‘ಡೇಟಾಬೇಸ್ ಲಾಕ್ ಆಗಿದೆ’ ಎಂಬ ಉತ್ತರ. ಕಾಲಂ ಟೈಪ್ ಬದಲಿಸಿದಾಗ ಅದು ಹೊಸ ಟೇಬಲ್ ಕಟ್ಟಿ, ಡೇಟಾ ನಕಲಿಸಿ, ಹಳೆಯದನ್ನು ತೆಗೆದುಹಾಕುತ್ತದೆ, ಏಕೆಂದರೆ ಎಸ್‌ಕ್ಯುಎಲೈಟ್‌ನ ಆಲ್ಟರ್‌ಗೆ ಟೈಪ್ ಬದಲಿಸಲು ಬಾರದು. ಹಾಗಾಗಿ ಫೈಲ್‌ನ ಪ್ರತಿ ಮಾಡಿಟ್ಟುಕೊಂಡು, ಬಳಸುತ್ತಿರುವ ಪ್ರೋಗ್ರಾಂ ನಿಲ್ಲಿಸಿ, ಆಮೇಲೆ ತಿದ್ದಿ. ಬದಲಾವಣೆಯ ನಂತರ ಟ್ರಿಗರ್ (ಡೇಟಾ ಬದಲಾದಾಗ ತಾನೇ ನಡೆಯುವ ಆಜ್ಞೆ), ಇಂಡೆಕ್ಸ್‌ಗಳು (ಬೇಗ ಹುಡುಕಲು ನೆರವಾಗುವ ಸೂಚಿ) ಉಳಿದಿವೆಯೇ ಎಂದು ಪಟ್ಟಿಯಲ್ಲಿ ನೋಡಿದ ಮೇಲೆಯೇ ರೈಟ್ ಚೇಂಜಸ್ ಒತ್ತಿ. ಇಲ್ಲವಾದರೆ ರಿವರ್ಟ್ ಬಟನ್ ಪಕ್ಕದಲ್ಲೇ ಇದೆ.